ಗುಟ್ಟಿನ ದಾರಿ ಮನೆಬಾಗಿಲಿಗೆ ಬಂದ ಬಗೆ

ಮಳವಳ್ಳಿ ತಾಲ್ಲೂಕಿನ ನೆಲದಿಂದ ಹೊರಟ ಮೊದಲ ದೊಡ್ಡ ತಂತಿಯನ್ನು ಮಳವಳ್ಳಿಯವರಿಗಾಗಿ ಎಳೆದಿರಲಿಲ್ಲ. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡು, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಮುಂದೆ ನಿಂತು ಕಟ್ಟಿಸಿದ ಯೋಜನೆ ಅದು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ತಂತಿ ಹಾದುಹೋದ ಹಳ್ಳಿಗಳು ಆಮೇಲೂ ಬಹುಕಾಲ ಬುಡ್ಡಿದೀಪದಲ್ಲೇ ಇದ್ದವು. ಆ ತಂತಿಯ ಕಥೆಯಲ್ಲಿ ನಾವು ಸಾಮಾನ್ಯವಾಗಿ ದೂರವನ್ನೂ ಕಂಬಗಳನ್ನೂ ನೆನೆಯುತ್ತೇವೆ. ಆದರೆ ಅಷ್ಟು ದೂರ ವಿದ್ಯುತ್ ಸಾಗಿಸಲು ಆದದ್ದು ಎರಡು ತುದಿಯಲ್ಲಿದ್ದ ಯಂತ್ರಗಳಿಂದ. ಈ ಕಡೆ ಟ್ರಾನ್ಸ್‌ಫಾರ್ಮರ್ ಮೂವತ್ತು ಸಾವಿರ ವೋಲ್ಟ್‌ಗೆ ಕಡಿಮೆಯಿಲ್ಲದಂತೆ ಒತ್ತಡ ಏರಿಸಿ ಕಳಿಸುತ್ತಿತ್ತು, ಆ ಕಡೆ ಇನ್ನೊಂದು ಅದನ್ನು ಗಣಿಯ ಕೆಲಸಕ್ಕೆ ಒಗ್ಗುವಂತೆ ಇಳಿಸುತ್ತಿತ್ತು. ತುದಿಯ ಯಂತ್ರಕ್ಕೆ ತಾಕತ್ತು ಇಲ್ಲದಿದ್ದರೆ ನಡುವಿನ ತಾಮ್ರ ಎಷ್ಟು ದಪ್ಪವಿದ್ದರೂ ಪ್ರಯೋಜನವಿರಲಿಲ್ಲ. ಇಂದು ಕಿರುಗಾವಲಿನಂಥ ಹೋಬಳಿ ಊರಿನ ಮನೆಯಲ್ಲಿ ವಿಪಿಎನ್ (ಎಲ್ಲರ ಇಂಟರ್ನೆಟ್ ದಾರಿಯ ಮೇಲೆ ಬೀಗ ಹಾಕಿ ಮಾಹಿತಿ ಕಳಿಸುವ ಖಾಸಗಿ ಜಾಲ) ಬಳಸುವವರು ರೂಟರ್ ಕೊಳ್ಳುವಾಗ ಇದೇ ಮಾತು ಹೇಳಬೇಕಾಗಿದೆ. ವಿಪಿಎನ್‌ನ ವೇಗ ಈಗ ತೀರ್ಮಾನವಾಗುವುದು ನಡುವಿನ ಫೈಬರ್‌ನಲ್ಲಲ್ಲ, ಮನೆಯ ಪೆಟ್ಟಿಗೆಯೊಳಗಿನ ಚಿಪ್‌ನಲ್ಲಿ. ಅದು ಹಾಗಾದದ್ದು ಹೇಗೆ ಎಂಬುದಕ್ಕೆ ಒಂದು ಚರಿತ್ರೆಯಿದೆ. ಅದನ್ನು ತಿಳಿಯದೆ ಅಂಗಡಿಗೆ ಹೋದರೆ ಹಳೆಯ ಕಾಲದ ಅಳತೆಗೋಲಿನಿಂದ ಹೊಸ ವಸ್ತುವನ್ನು ಅಳೆಯುತ್ತೇವೆ.

ಗುಟ್ಟು ಕಾಯುವ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಸಂಸ್ಥಾನಕ್ಕೆ ಅಂಚೆ ವ್ಯವಸ್ಥೆ ಕಟ್ಟಿಕೊಟ್ಟರು. ಅದರ ಬಗ್ಗೆ ಮೆಚ್ಚುಗೆಯ ಮಾತುಗಳೇ ಹೆಚ್ಚು ಕೇಳಿಬರುತ್ತವೆ, ಅದು ತಕ್ಕದ್ದೂ ಹೌದು. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಅದರ ಇನ್ನೊಂದು ಮುಖವನ್ನೂ ದಾಖಲಿಸಿದ್ದಾನೆ: ಅಂಚೆಯವರು ಸುದ್ದಿ ಸಾಗಿಸುವುದರ ಜೊತೆಗೆ ಸುದ್ದಿ ಸಂಗ್ರಹಿಸಿ ಅರಮನೆಗೆ ಒಪ್ಪಿಸುವ ಕೆಲಸವನ್ನೂ ಮಾಡುತ್ತಿದ್ದರು. ಹೈದರನ ಕಾಲದಲ್ಲಿ ಈ ಬಳಕೆ ಮುಂದುವರಿಯಿತು. ಪೂರ್ಣಯ್ಯನವರ ಕಾಲ ದಾಟಿ ಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಅದಕ್ಕೆ ನಾಲ್ಕು ವರ್ಷ ಮೊದಲೇ, 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ ತಂತಿ ಸಂದೇಶಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. 2023ರ ಹೊಸ ದೂರಸಂಪರ್ಕ ಕಾಯ್ದೆ ಬರುವವರೆಗೂ ಅದೇ ನಮ್ಮನ್ನು ಆಳಿತು. ಇಲ್ಲಿಂದ ತಿಳಿಯಬೇಕಾದ್ದು ಇಷ್ಟು. ಹೊತ್ತು ತರುವವನ ಕೈಯಲ್ಲೇ ಗುಟ್ಟನ್ನೂ ಬಿಟ್ಟರೆ ಅವನ ಸಜ್ಜನಿಕೆಯೊಂದೇ ನಮಗಿರುವ ರಕ್ಷೆ. ಅದನ್ನು ಅವನ ಕೈಯಿಂದ ಬಿಡಿಸಿ ಬರೆಯುವವನ ಮತ್ತು ಓದುವವನ ಕೈಗೆ ಕೊಡುವ ಪ್ರಯತ್ನವೇ ವಿಪಿಎನ್‌ನ ಮೂಲ.

ಆ ಪ್ರಯತ್ನಕ್ಕೆ ಮೊದಲು, ದುಡ್ಡಿದ್ದವರು ದಾರಿಯನ್ನೇ ಕೊಂಡುಕೊಳ್ಳುತ್ತಿದ್ದರು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನದೇ ಉಪಗ್ರಹ ಸಂಪರ್ಕದ ಮೂಲಕ ವಿದೇಶದ ಕಚೇರಿಗಳೊಂದಿಗೆ ಕೆಲಸ ಮಾಡಿತು. ಆ ಡಿಶ್ ಆಂಟೆನಾವನ್ನು ಎತ್ತಿನಗಾಡಿಯ ಮೇಲೆ ಸಾಗಿಸಿದ ಸಂಗತಿ ಬೆಂಗಳೂರಿನ ಸಾಫ್ಟ್‌ವೇರ್ ಚರಿತ್ರೆ ಹೇಳುವವರೆಲ್ಲರ ಬಾಯಲ್ಲಿದೆ. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸ್ಥಾಪನೆಯಾಗಿ, ಸಣ್ಣ ಕಂಪನಿಗಳೂ 64 ಕೆಬಿಪಿಎಸ್‌ನಂಥ ಮೀಸಲು ಲೈನುಗಳನ್ನು ಬಾಡಿಗೆಗೆ ಪಡೆಯುವಂತಾಯಿತು. ಇವತ್ತು ಮೊಬೈಲಿನ ಒಂದು ಫೋಟೊ ಕಳಿಸಲು ಕೂಡ ತಿಣುಕುವ ಆ ಲೈನಿಗೆ ಆಗ ಭಾರಿ ಬೆಲೆ. ಅದರ ಮೇಲೆ ಹೋಗುವ ಮಾಹಿತಿ ಖಾಸಗಿಯಾಗಿ ಉಳಿಯುತ್ತಿದ್ದುದಕ್ಕೆ ಕಾರಣ ಆ ದಾರಿಯಲ್ಲಿ ಬೇರೆಯವರು ಓಡಾಡುತ್ತಿರಲಿಲ್ಲ ಎಂಬುದು ಮಾತ್ರ. ಗುಪ್ತಲಿಪಿಯ ಪಾತ್ರ ಅಲ್ಲಿ ಕಡಿಮೆ. ಹಾಗಾಗಿ ಖಾಸಗಿತನ ಎಂಬುದು ಕಂಪನಿಗೆ, ಬ್ಯಾಂಕಿಗೆ, ಸರ್ಕಾರಕ್ಕೆ ಎಟಕುವ ವಸ್ತುವಾಗಿತ್ತು. ಮಳವಳ್ಳಿಯ ಮೇಲೆ ಹಾದು ಕೋಲಾರಕ್ಕೆ ಹೋದ ಕರೆಂಟಿನ ಹಾಗೆಯೇ ಅದೂ ಹಳ್ಳಿಯ ನೆತ್ತಿಯ ಮೇಲೆ ಹಾದುಹೋಯಿತು.

1990ರ ದಶಕದ ನಡುವಿನಲ್ಲಿ ಈ ಲೆಕ್ಕ ಬದಲಾಯಿತು. 1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ್ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದ ವರ್ಷವೇ, ಹೊರಗೆ ಐಪಿಸೆಕ್ ಎಂಬ ವಿಧಾನದ ಮೊದಲ ಮಾನದಂಡಗಳು ಪ್ರಕಟವಾದವು. ಮರುವರ್ಷ ಮೈಕ್ರೋಸಾಫ್ಟ್‌ನ ಗುರ್ದೀಪ್ ಸಿಂಗ್ ಪಾಲ್ ಮತ್ತು ಸಂಗಡಿಗರು ಪಿಪಿಟಿಪಿ ಎಂಬ ಇನ್ನೊಂದು ವಿಧಾನ ರೂಪಿಸಿದರು. ಎರಡರ ಹಿಂದಿನ ಯೋಚನೆ ಒಂದೇ: ದಾರಿ ಎಲ್ಲರದೂ ಇರಲಿ, ಕಳಿಸುವ ತುದಿಯಲ್ಲಿ ಮಾಹಿತಿಯನ್ನು ಬೀಗ ಹಾಕಿ ಕಳಿಸಿ, ಪಡೆಯುವ ತುದಿಯಲ್ಲಿ ಬೀಗ ತೆಗೆದರಾಯಿತು. ಲೈನಿನ ಬಾಡಿಗೆ ಉಳಿತಾಯವಾಯಿತು, ಆದರೆ ಬೀಗ ಹಾಕುವ ತೆಗೆಯುವ ಕೆಲಸ ತುದಿಯ ಯಂತ್ರದ ತಲೆಗೆ ಬಂತು. ನಮ್ಮ ದೇಶದಲ್ಲಿ ಈ ಬೀಗದ ಬಲದ ಮೇಲೂ ಒಂದು ಮಿತಿ ಇತ್ತು. 1998ರ ನಂತರ ಖಾಸಗಿಯವರಿಗೆ ಕೊಟ್ಟ ಇಂಟರ್ನೆಟ್ ಪರವಾನಗಿಯ ಷರತ್ತಿನಂತೆ, ಅನುಮತಿಯಿಲ್ಲದೆ ಬಳಸಬಹುದಾಗಿದ್ದ ಎನ್‌ಕ್ರಿಪ್ಷನ್ ಕೀಲಿ 40 ಬಿಟ್‌ನಷ್ಟು ಮಾತ್ರ. ಅದೇ 1998ರ ಜುಲೈನಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಕಟ್ಟಿದ ಯಂತ್ರ 56 ಬಿಟ್‌ನ ಡಿಇಎಸ್ ಎಂಬ ಗೂಢಲಿಪಿಯ ಕೀಲಿಯನ್ನೇ ಮೂರು ದಿನದೊಳಗೆ ಕಂಡುಹಿಡಿದಿತ್ತು. 40 ಬಿಟ್ ಎಂದರೆ ಅದಕ್ಕಿಂತ 65,536 ಪಟ್ಟು ದುರ್ಬಲ. ಇತ್ತ 2001ರಲ್ಲಿ ರಿಸರ್ವ್ ಬ್ಯಾಂಕ್, ಇಂಟರ್ನೆಟ್ ಬ್ಯಾಂಕಿಂಗ್‌ಗೆ ಕನಿಷ್ಠ 128 ಬಿಟ್ ಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಒಂದು ಇಲಾಖೆಯ ಕಾಗದದಲ್ಲಿ ಮಿತಿ, ಇನ್ನೊಂದರ ಕಾಗದದಲ್ಲಿ ಆ ಮಿತಿಯ ಮೂರು ಪಟ್ಟಿಗಿಂತ ಉದ್ದದ ಕೀಲಿಯ ಅಗತ್ಯ. ಕೊನೆಗೆ ಗೆದ್ದದ್ದು ಅಗತ್ಯವೇ. ಕೀಲಿ ಬೆಳೆದಂತೆ ತುದಿಯ ಯಂತ್ರ ಮಾಡಬೇಕಾದ ಗಣಿತವೂ ಬೆಳೆಯಿತು.

ವಿಪಿಎನ್ ಎಂದರೆ ಏನನ್ನೋ ಮುಚ್ಚಿಡುವವರ ಉಪಾಯ, ಹಳ್ಳಿಮನೆಗೆ ಅದೇಕೆ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ಉತ್ತರ ಹೋಬಳಿಯಲ್ಲೇ ಇದೆ. ಕರ್ನಾಟಕ ಸರ್ಕಾರದ ಭೂಮಿ ಯೋಜನೆ ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷದಷ್ಟು ಹಿಡುವಳಿದಾರರ ಜಮೀನಿನ ವಿವರವನ್ನು, ಶ್ಯಾನುಭೋಗರ ಪರಂಪರೆಯ ಕೈಬರಹದಿಂದ ಕಂಪ್ಯೂಟರಿಗೆ ತಂದಿತು. ಮುಂದೆ ಪಹಣಿ, ಜಾತಿ ಮತ್ತು ಆದಾಯ ಪತ್ರಗಳು ಹೋಬಳಿಯ ನಾಡಕಚೇರಿಯಲ್ಲೇ ಸಿಗತೊಡಗಿದವು. ಕಿರುಗಾವಲು ಮಳವಳ್ಳಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನೂ ಬಡಾಬಾಗ್ ತೋಪಿನ ಮಾವಿನ ತಳಿಗಳನ್ನೂ ಉಳಿಸಿಕೊಂಡು ಬಂದದ್ದರಿಂದ ಹೊರಗಿನವರಿಗೆ ಪರಿಚಿತವಾದ ಊರು. ಇಂಥ ಊರುಗಳಲ್ಲಿ ಜಮೀನಿನ ದಾಖಲೆ ಎಂದರೆ ಬದುಕಿನ ದಾಖಲೆ. ಆ ದಾಖಲೆ ದೂರದ ಸರ್ವರ್‌ನಿಂದ ಹೋಬಳಿಯ ಕಂಪ್ಯೂಟರಿಗೆ ಬರುವ ದಾರಿಯನ್ನು ಕಾಯದೆ ಬಿಡಲು ಯಾರು ಒಪ್ಪುತ್ತಾರೆ? ಬ್ಯಾಂಕು, ಎಟಿಎಂ, ಕೋರ್ ಬ್ಯಾಂಕಿಂಗ್‌ಗೆ ಸೇರಿದ ಅಂಚೆ ಕಚೇರಿ, ಇವೆಲ್ಲವೂ ಸಾರ್ವಜನಿಕರ ಕಣ್ಣಿಗೆ ಬೀಳದ ಖಾಸಗಿ ಜಾಲಗಳ ಮೇಲೆಯೇ ನಡೆಯುತ್ತವೆ. ಬಿಎಸ್‌ಎನ್‌ಎಲ್‌ ಬ್ರಾಡ್‌ಬ್ಯಾಂಡ್‌ ಮೇಲೆ ವಿಪಿಎನ್ ಎಂಬುದನ್ನೇ ಒಂದು ಸೇವೆಯಾಗಿ ಮಾರುತ್ತ ಬಂದಿದೆ. ಕಾನೂನಿನ ಮಾತಿಗೆ ಬಂದರೆ, 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ವಿಪಿಎನ್ ಮಾರುವ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಹೇಳಿತು. ಕೆಲವು ವಿದೇಶಿ ಕಂಪನಿಗಳು ಇಲ್ಲಿನ ಸರ್ವರ್‌ಗಳನ್ನು ತೆಗೆದವು. ಬಳಸುವವರ ಮೇಲೆ ಅದು ನಿಷೇಧ ಹೇರಲಿಲ್ಲ, ಕಚೇರಿಗಳ ಸ್ವಂತ ವಿಪಿಎನ್‌ಗೆ ಈ ನಿಯಮ ಅನ್ವಯಿಸುವುದಿಲ್ಲವೆಂದೂ ಆಮೇಲೆ ಸ್ಪಷ್ಟಪಡಿಸಿತು.

ಈಗ ಮನೆಯ ಪೆಟ್ಟಿಗೆಯ ಕಡೆ ಬರೋಣ. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ಸಾಗಿಸುವ ಸಂಪರ್ಕಕ್ಕೇ ಬ್ರಾಡ್‌ಬ್ಯಾಂಡ್ ಎಂದು ಹೆಸರು ಕೊಟ್ಟಿತು. ಬಿಎಸ್‌ಎನ್‌ಎಲ್‌ನ ಡೇಟಾವನ್ 2005ರ ಜನವರಿಯಲ್ಲಿ ಶುರುವಾಯಿತು. ಆ ಹೊತ್ತಿನ ಹೆಸರುವಾಸಿ ಮನೆ ರೂಟರ್ ಎಂದರೆ 2002ರ ಕೊನೆಯಲ್ಲಿ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ. ಮೊದಲ ಮಾದರಿಯ ಪ್ರೊಸೆಸರ್ 125 ಮೆಗಾಹರ್ಟ್ಸ್‌ನದು. ಅದರೊಳಗೆ ಲಿನಕ್ಸ್ ಇದೆಯೆಂದು ಗೊತ್ತಾಗಿ, ಪರವಾನಗಿಯ ಷರತ್ತಿನಂತೆ ಕಂಪನಿ 2003ರಲ್ಲಿ ಮೂಲ ಸಂಕೇತವನ್ನು ಬಿಡುಗಡೆ ಮಾಡಬೇಕಾಯಿತು. ಅದರಿಂದ ಹುಟ್ಟಿದ್ದು 2004ರ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ಸಾಫ್ಟ್‌ವೇರ್. ಮನೆಯವರು ತಮ್ಮ ರೂಟರ್‌ಗೆ ತಾವೇ ವಿಪಿಎನ್ ಹಾಕಿಕೊಳ್ಳಬಹುದಾದದ್ದು ಅಲ್ಲಿಂದ. ಜೇಮ್ಸ್ ಯೋನನ್ 2001ರಲ್ಲಿ ಹೊರತಂದ ಓಪನ್‌ವಿಪಿಎನ್ ಆ ಪೆಟ್ಟಿಗೆಯಲ್ಲಿ ಸೆಕೆಂಡಿಗೆ ಕೆಲವೇ ಮೆಗಾಬಿಟ್ ಸಾಗಿಸುತ್ತಿತ್ತು. ಆದರೂ ಯಾರೂ ದೂರಲಿಲ್ಲ, ಏಕೆಂದರೆ ಲೈನು ಬರುತ್ತಿದ್ದುದೇ ಕಾಲು ಮೆಗಾಬಿಟ್. ಆಗ ಲೈನೇ ಅಡ್ಡಿ, ಚಿಪ್ ಸೋಮಾರಿಯಾಗಿ ಕೂತಿರುತ್ತಿತ್ತು. ಲೈನು ಚೆನ್ನಾಗಿದ್ದರೆ ಎಲ್ಲವೂ ಚೆನ್ನ, ರೂಟರ್ ಯಾವುದಾದರೇನು ಎಂಬ ಇಂದಿನ ನಂಬಿಕೆ ಆ ಕಾಲದ ಅನುಭವದಿಂದ ಬಂದದ್ದು, ಆ ಕಾಲಕ್ಕೆ ಅದು ಸುಳ್ಳೂ ಆಗಿರಲಿಲ್ಲ. ಆಮೇಲೆ ಫೈಬರ್ ಬಂತು. 2011ರಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಭಾರತ್‌ನೆಟ್ ಆಗಿ, 2017ರ ಕೊನೆಗೆ ಒಂದು ಲಕ್ಷ ಗ್ರಾಮ ಪಂಚಾಯಿತಿಗಳ ಮೊದಲ ಹಂತ ಮುಗಿಸಿತು. ಇಂದು ಮನೆಯ ಫೈಬರ್ ಪ್ಲ್ಯಾನ್‌ಗಳು 50, 100, 300 ಎಂಬಿಪಿಎಸ್ ಎನ್ನುತ್ತವೆ. 256 ಕಿಲೋಬಿಟ್‌ನಿಂದ 100 ಮೆಗಾಬಿಟ್ ಎಂದರೆ ಲೈನು ಸುಮಾರು 400 ಪಟ್ಟು ಬೆಳೆದಿದೆ. ಅಗ್ಗದ ರೂಟರ್‌ನ ಪ್ರೊಸೆಸರ್ ಅದೇ ಅವಧಿಯಲ್ಲಿ ಅಷ್ಟು ಬೆಳೆಯಲಿಲ್ಲ. ಅಡ್ಡಿ ಲೈನಿನಿಂದ ಚಿಪ್‌ಗೆ ಬಂದು ಕೂತದ್ದು ಹೀಗೆ.

ಅಗ್ಗದ ಪೆಟ್ಟಿಗೆ ನಿಧಾನವಿದ್ದರೆ ಸ್ಪೀಡ್ ಟೆಸ್ಟ್‌ನಲ್ಲಿ ಪೂರ್ತಿ ವೇಗ ಏಕೆ ತೋರಿಸುತ್ತದೆ ಎಂಬುದು ಇಲ್ಲಿ ಏಳುವ ನ್ಯಾಯವಾದ ಪ್ರಶ್ನೆ. ತಯಾರಕರು ಸಾಮಾನ್ಯ ಸಂಚಾರಕ್ಕೆ ಚಿಪ್‌ನೊಳಗೆ ಬೇರೆ ಅಡ್ಡದಾರಿ ಮಾಡಿರುತ್ತಾರೆ. ವಿಳಾಸ ಬದಲಿಸಿ ಪ್ಯಾಕೆಟ್ ಮುಂದೆ ದಾಟಿಸುವ ಕೆಲಸವನ್ನು ಅದಕ್ಕೆಂದೇ ಮಾಡಿದ ಸರ್ಕ್ಯೂಟ್ ನೋಡಿಕೊಳ್ಳುತ್ತದೆ, ಮುಖ್ಯ ಪ್ರೊಸೆಸರ್‌ಗೆ ಅದರ ಗೊಡವೆಯೇ ಇರುವುದಿಲ್ಲ. ವಿಪಿಎನ್‌ನ ಪ್ಯಾಕೆಟ್ ಮಾತ್ರ ಆ ಅಡ್ಡದಾರಿ ಹಿಡಿಯಲಾರದು. ಅದರ ಪ್ರತಿಯೊಂದು ಬೈಟನ್ನೂ ಪ್ರೊಸೆಸರ್ ಗಣಿತಕ್ಕೆ ಒಳಪಡಿಸಬೇಕು. ಓಪನ್‌ವಿಪಿಎನ್‌ನಲ್ಲಿ ಇನ್ನೊಂದು ಹೊರೆ: ಅದು ಕಾರ್ಯವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನ ಹೊರಗೆ ಓಡುವುದರಿಂದ ಪ್ಯಾಕೆಟ್ ಒಳಗೂ ಹೊರಗೂ ಸುತ್ತಾಡಬೇಕು, ಮತ್ತು ಆ ಕೆಲಸವೆಲ್ಲ ಒಂದೇ ಕೋರ್‌ನ ಮೇಲೆ ಬೀಳುತ್ತದೆ. ಪೆಟ್ಟಿಗೆಯ ಮೇಲೆ ನಾಲ್ಕು ಕೋರ್ ಎಂದಿದ್ದರೂ ಮೂರು ಕೋರ್‌ಗಳು ಸುಮ್ಮನೆ ನೋಡುತ್ತ ಕೂರುತ್ತವೆ. 300 ಎಂಬಿಪಿಎಸ್ ಲೈನಿನಲ್ಲಿ ವಿಪಿಎನ್ ಹಾಕಿದೊಡನೆ ವೇಗ 20ಕ್ಕೆ ಬೀಳುವ ಗುಟ್ಟು ಇದು. ಕೇಬಲ್‌ನವರ ತಪ್ಪೇನೂ ಅದರಲ್ಲಿಲ್ಲ. ಪ್ರೊಸೆಸರ್ ತಯಾರಕರು ಈ ಹೊರೆಯನ್ನು ಇಳಿಸಲು ಯತ್ನಿಸಿದ್ದಾರೆ. 2001ರಲ್ಲಿ ಅಮೆರಿಕದ ಪ್ರಮಾಣವಾದ ಎಇಎಸ್ ಗೂಢಲಿಪಿಗೆಂದೇ ಇಂಟೆಲ್ 2010ರಿಂದ ತನ್ನ ಚಿಪ್‌ಗಳಲ್ಲಿ ವಿಶೇಷ ಆದೇಶಗಳನ್ನು ಸೇರಿಸಿತು. ಆರ್ಮ್ ಚಿಪ್‌ಗಳಲ್ಲಿ ಅದು ಐಚ್ಛಿಕ. ತಯಾರಕರು ಹಣ ಕೊಟ್ಟು ಸೇರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. 2019ರ ರಾಸ್ಪ್‌ಬೆರಿ ಪೈ 4ರಲ್ಲಿ ಅದಿರಲಿಲ್ಲ. ಹಳೆಯ ಮಿಪ್ಸ್ ಚಿಪ್‌ನ ಅಗ್ಗದ ರೂಟರ್‌ಗಳಲ್ಲಿ ಈ ಸೌಕರ್ಯವನ್ನು ನಿರೀಕ್ಷಿಸುವಂತಿಲ್ಲ.

ಈ ಬಿಕ್ಕಟ್ಟಿಗೆ ದೊಡ್ಡ ಪರಿಹಾರ ತಂದದ್ದು ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್. 2017ರಲ್ಲಿ ಪ್ರಬಂಧವಾಗಿ ವಿದ್ವಾಂಸರ ಮುಂದೆ ಬಂದ ಅದು 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6ರ ಭಾಗವಾಯಿತು. ಅದರ ಮೂಲ ಸಂಕೇತ ಸುಮಾರು ನಾಲ್ಕು ಸಾವಿರ ಸಾಲು. ಓಪನ್‌ವಿಪಿಎನ್ ಮತ್ತು ಅದು ನೆಚ್ಚಿಕೊಂಡ ಸಾಫ್ಟ್‌ವೇರ್ ಗ್ರಂಥಾಲಯಗಳೆಲ್ಲ ಸೇರಿದರೆ ಲಕ್ಷಗಟ್ಟಲೆ. ಕರ್ನಲ್‌ನ ಒಳಗೇ ಓಡುವುದರಿಂದ ಪ್ಯಾಕೆಟ್‌ನ ಸುತ್ತಾಟ ತಪ್ಪಿತು, ಕೆಲಸವನ್ನು ಎಲ್ಲ ಕೋರ್‌ಗಳೂ ಹಂಚಿಕೊಂಡವು. ಡೇನಿಯಲ್ ಬರ್ನ್‌ಸ್ಟೀನ್ ರೂಪಿಸಿದ ಚಾಚಾ20 ಎಂಬ ಗೂಢಲಿಪಿಯನ್ನು ಅದು ಬಳಸುತ್ತದೆ. ಕೂಡಿಸುವುದು, ತಿರುಗಿಸುವುದು, ಬೆರೆಸುವುದು ಎಂಬ ಸರಳ ಕ್ರಿಯೆಗಳಲ್ಲೇ ಮುಗಿಯುವ ಗಣಿತವಾದ್ದರಿಂದ ವಿಶೇಷ ಆದೇಶಗಳಿಲ್ಲದ ಬಡ ಚಿಪ್ ಮೇಲೂ ಚುರುಕಾಗಿ ಓಡುತ್ತದೆ. ವ್ಯತ್ಯಾಸ ಎಷ್ಟೆಂದರೆ, ಜಿಎಲ್.ಐನೆಟ್ ಕಂಪನಿ ತನ್ನ ಫ್ಲಿಂಟ್ 2 ರೂಟರ್ ಬಿಡುಗಡೆ ಮಾಡಿದಾಗ ತಾನೇ ಘೋಷಿಸಿದ ಗರಿಷ್ಠ ವೇಗ ವೈರ್‌ಗಾರ್ಡ್‌ಗೆ 900 ಎಂಬಿಪಿಎಸ್, ಓಪನ್‌ವಿಪಿಎನ್‌ಗೆ 190. ಪೆಟ್ಟಿಗೆ ಒಂದೇ, ಚಿಪ್ ಒಂದೇ. ತಯಾರಕರ ಮಾತು ಅನುಕೂಲದ ಸ್ಥಿತಿಯಲ್ಲಿ ಅಳೆದದ್ದೆಂದು ಸ್ವಲ್ಪ ಕಳೆದು ನೋಡಿದರೂ ಅನುಪಾತ ತಪ್ಪುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಆಂಟೆನಾ ಎಣಿಸುವ ಬದಲು ಕೇಳಬೇಕಾದ ಮಾತು, ವೈರ್‌ಗಾರ್ಡ್ ಈ ಪೆಟ್ಟಿಗೆಯೊಳಗೇ ಓಡುತ್ತದೆಯೇ, ಎಷ್ಟು ವೇಗದಲ್ಲಿ ಎಂಬುದು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ಎಸಿ1200, ಎಎಕ್ಸ್3000 ಮುಂತಾದ ಅಂಕಿಗಳು ವೈಫೈ ಅಲೆಗಳ ಒಟ್ಟು ಲೆಕ್ಕ. ವಿಪಿಎನ್‌ಗೂ ಅದಕ್ಕೂ ಸಂಬಂಧವಿಲ್ಲ. ಮೋಸಹೋಗುವ ಇನ್ನೊಂದು ಜಾಗ ವಿಪಿಎನ್ ಪಾಸ್‌ಥ್ರೂ ಎಂಬ ಸಾಲು. ಒಳಗಿನ ಲ್ಯಾಪ್‌ಟಾಪ್ ತಾನೇ ಮಾಡಿಕೊಂಡ ವಿಪಿಎನ್ ಅನ್ನು ತಡೆಯದೆ ಬಿಡುತ್ತೇನೆ ಎಂದಷ್ಟೇ ಅದರ ಅರ್ಥ. ರೂಟರ್ ತಾನಾಗಿ ಬೀಗ ಹಾಕುತ್ತದೆ ಎಂದಲ್ಲ. ಪಿಪಿಟಿಪಿ ಉಂಟು ಎಂದು ಬರೆದಿದ್ದರೆ ಅದನ್ನು ಇಲ್ಲವೆಂದೇ ಎಣಿಸಬೇಕು. 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಅದರ ಗುರುತುಪರೀಕ್ಷೆಯನ್ನು ಒಂದೇ ಒಂದು ಡಿಇಎಸ್ ಕೀಲಿ ಮುರಿಯುವಷ್ಟಕ್ಕೆ ಇಳಿಸಿ ತೋರಿಸಿದರು, ಅಂಥ ಕೀಲಿ 1998ರಲ್ಲೇ ಮುರಿದದ್ದು.

ಕಾಲವೂ ಕೂಡಿಬಂತು. ವೈರ್‌ಗಾರ್ಡ್ ಕರ್ನಲ್ ಸೇರಿದ ಅದೇ 2020ರ ಮಾರ್ಚ್‌ನಲ್ಲಿ ದೇಶ ಲಾಕ್‌ಡೌನ್ ಆಯಿತು. ಆ ತಿಂಗಳ 13ರಂದು ದೂರಸಂಪರ್ಕ ಇಲಾಖೆ, ಕಾಲ್ ಸೆಂಟರ್ ಮತ್ತು ಐಟಿ ಸೇವೆಗಳ ನೌಕರರು ಮನೆಯಿಂದ ಕೆಲಸ ಮಾಡಲು ಅಡ್ಡಿಯಾಗಿದ್ದ ಷರತ್ತುಗಳನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಅದುವರೆಗೆ ಕಂಪನಿಗಳು ಅದಕ್ಕೆ ಭದ್ರತಾ ಠೇವಣಿ ಇಡಬೇಕಿತ್ತು. ನವೆಂಬರ್‌ನಲ್ಲಿ ನಿಯಮಗಳೇ ಬದಲಾದವು. ಬೆಂಗಳೂರಿನ ಕಂಪನಿಗಳ ಎಷ್ಟೋ ನೌಕರರು ಲ್ಯಾಪ್‌ಟಾಪ್ ಸಮೇತ ಊರು ಸೇರಿದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೆ ಒಂದು ಉಪಗ್ರಹ ಡಿಶ್ ಬೇಕಾಗಿದ್ದ ಕೆಲಸ ಬೆಂಗಳೂರಿನಿಂದ ನೂರು ಕಿಲೋಮೀಟರ್‌ಗೂ ಆಚೆಯ ಮನೆಯ ಹಜಾರದಲ್ಲಿ ನಡೆಯುವ ಸ್ಥಿತಿ ಮೂವತ್ತೈದು ವರ್ಷಗಳಲ್ಲಿ ಬಂದಿತ್ತು. ಹಳ್ಳಿಯ ಯುವಕ ಯುವತಿಯರು ಊರಲ್ಲಿದ್ದುಕೊಂಡೇ ಒಳ್ಳೆಯ ಕೆಲಸ ಮಾಡುವ ಅವಕಾಶವನ್ನು ನಾನು ಸಣ್ಣ ಸಂಗತಿ ಎಂದುಕೊಂಡಿಲ್ಲ. ಪೇಟೆಗೆ ಹೋಗಿ ಬಾಡಿಗೆ ಮನೆ ಹಿಡಿಯುವುದೊಂದೇ ದಾರಿಯಾಗಿದ್ದ ಸೀಮೆಯಲ್ಲಿ ಇನ್ನೊಂದು ದಾರಿ ತೆರೆದದ್ದು ದೊಡ್ಡದು. ಅದು ತೆರೆದೇ ಇರಬೇಕಾದರೆ ತುದಿಯ ಯಂತ್ರದ ಬಗ್ಗೆ ತಿಳಿವಳಿಕೆ ಬೇಕು.

ಇಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಎದುರಿಸಬೇಕು. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಇದ್ದೇ ಇರುತ್ತದೆ, ಮೊಬೈಲಿಗೂ ಆ್ಯಪ್ ಸಿಗುತ್ತದೆ, ರೂಟರ್‌ಗೆ ಆ ಕೆಲಸ ಏಕೆ ಹೊರಿಸಬೇಕು? ಮಾತು ಬಹುಪಾಲು ಸರಿ. ಒಬ್ಬರೇ ಒಂದು ಲ್ಯಾಪ್‌ಟಾಪ್‌ನಿಂದ ಕಚೇರಿಗೆ ಸೇರುವುದಾದರೆ ದುಬಾರಿ ರೂಟರ್ ಬೇಡ. ಲ್ಯಾಪ್‌ಟಾಪ್‌ನ ಪ್ರೊಸೆಸರ್ ಯಾವ ಮನೆ ರೂಟರ್‌ಗಿಂತಲೂ ಬಲವಾದದ್ದು, ಗೂಢಲಿಪಿಯ ಕೆಲಸ ಅಲ್ಲೇ ಆಗುವುದು ಲೇಸು. ಸಾಮಾನ್ಯ ಬ್ರೌಸಿಂಗ್‌ಗೂ ವಿಪಿಎನ್ ಕಡ್ಡಾಯವೇನಲ್ಲ, ಬ್ಯಾಂಕಿನಿಂದ ಹಿಡಿದು ಪತ್ರಿಕೆಗಳವರೆಗೆ ಬಹುತೇಕ ತಾಣಗಳು ಈಗ ತಾವೇ ಬೀಗ ಹಾಕಿ ಮಾಹಿತಿ ಕಳಿಸುತ್ತವೆ. ರೂಟರ್‌ನಲ್ಲೇ ವಿಪಿಎನ್ ಬೇಕಾಗುವ ಸಂದರ್ಭಗಳು ಬೇರೆ. ಟಿವಿ, ಕ್ಯಾಮೆರಾ, ಪ್ರಿಂಟರ್‌ನಂಥ, ಆ್ಯಪ್ ಹಾಕಲಾಗದ ಸಾಧನಗಳಿರುವ ಮನೆ. ಬೆಂಗಳೂರಿನಲ್ಲಿರುವ ಮಗ ಊರಿನ ತೋಟದ ಕ್ಯಾಮೆರಾವನ್ನು ಯಾವುದೋ ದೇಶದ ಸರ್ವರ್‌ಗೆ ಒಪ್ಪಿಸದೆ ನೇರವಾಗಿ ನೋಡಬೇಕೆನ್ನುವ ಕುಟುಂಬ. ಎರಡು ಊರುಗಳಲ್ಲಿ ಶಾಖೆಯಿರುವ ಸಹಕಾರ ಸಂಘ ಅಥವಾ ಕ್ಲಿನಿಕ್. ಇಬ್ಬರು ಮೂವರು ಒಟ್ಟಿಗೆ ಮನೆಯಿಂದ ಕೆಲಸ ಮಾಡುವ ಕಡೆ. ನನ್ನ ವಾದ ಅನ್ವಯಿಸುವುದು ಇಂಥವರಿಗೆ. ಉಳಿದವರಿಗೆ ರೂಟರ್ ಅಡ್ಡಿ ಮಾಡದಿದ್ದರೆ ಸಾಕು.

ಆ ಅಡ್ಡಿ ಬರುವುದು ಹೆಚ್ಚಾಗಿ ಪ್ಯಾಕೆಟ್‌ನ ಅಳತೆಯಿಂದ. ಈಥರ್ನೆಟ್‌ನ ಒಂದು ಪ್ಯಾಕೆಟ್ 1,500 ಬೈಟ್ ಹೊರುತ್ತದೆ. ನಮ್ಮಲ್ಲಿ ಫೈಬರ್ ಸಂಪರ್ಕಕ್ಕೆ ಯೂಸರ್‌ನೇಮ್ ಪಾಸ್‌ವರ್ಡ್ ಕೊಡುವ ಪಿಪಿಪಿಒಇ ವಿಧಾನ ಅದರಲ್ಲಿ 8 ಬೈಟ್ ತಿನ್ನುತ್ತದೆ, ಉಳಿಯುವುದು 1,492. ವೈರ್‌ಗಾರ್ಡ್ ತನ್ನ ಹೊದಿಕೆಗೆ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ನಲ್ಲಿ 60, ಹೊಸದಾದ ಐಪಿವಿ6ನಲ್ಲಿ 80 ಬೈಟ್ ಕೇಳುತ್ತದೆ. ಅದು ತಾನಾಗಿ ಇಟ್ಟುಕೊಳ್ಳುವ 1,420 ಎಂಬ ಮಿತಿ ಪಿಪಿಪಿಒಇ ಇಲ್ಲದ ಲೈನಿನ ಲೆಕ್ಕ. ಪಿಪಿಪಿಒಇ ಮೇಲೆ ಐಪಿವಿ6ನಲ್ಲಿ ಹೋಗುವುದಾದರೆ 1,412 ಮಾಡಬೇಕು. ಎಂಟೇ ಬೈಟ್‌ನ ಈ ವ್ಯತ್ಯಾಸದಿಂದ ಕೆಲವು ಪುಟಗಳು ಅರ್ಧ ತೆರೆದು ನಿಲ್ಲುತ್ತವೆ, ಫೈಲ್ ಕಳಿಸುವಾಗ ಎಲ್ಲವೂ ಸ್ತಬ್ಧವಾಗುತ್ತದೆ, ಜನ ಲೈನು ಸರಿಯಿಲ್ಲವೆಂದು ದೂರು ಕೊಡುತ್ತಾರೆ. ಈ ಅಂಕಿಯನ್ನು ಬದಲಿಸಲು ಬಿಡದ ರೂಟರ್ ವಿಪಿಎನ್‌ಗೆ ತಕ್ಕದ್ದಲ್ಲ. ಓಪನ್‌ವಿಪಿಎನ್ ಬಳಸಲೇಬೇಕಾದರೆ ಟಿಸಿಪಿ ಬದಲು ಯುಡಿಪಿ ಆರಿಸಬೇಕು. ಒಳಗಿನ ಟಿಸಿಪಿ ಹೊರಗಿನ ಟಿಸಿಪಿ ಎರಡೂ ಕಳೆದ ಪ್ಯಾಕೆಟ್ ಅನ್ನು ಮತ್ತೆ ಮತ್ತೆ ಕಳಿಸಲು ಹೊರಟರೆ ವೇಗ ಕುಸಿಯುತ್ತದೆ. ಯಾವ ರೂಟರ್‌ನಿಂದಲೂ ಗೆಲ್ಲಲಾಗದ್ದು ದೂರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ; ಕರ್ನಾಟಕದಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ದಾರಿಯೇ ಸುಮಾರು 14 ಸಾವಿರ ಕಿಲೋಮೀಟರ್, ಹೋಗಿಬರಲು ಕಡೇಪಕ್ಷ 140 ಮಿಲಿಸೆಕೆಂಡ್. ಕೇಬಲ್ ಸಮುದ್ರದಡಿ ಸುತ್ತಿಬರುವುದರಿಂದ ನಿಜದ ಲೆಕ್ಕ ಇನ್ನೂ ಹೆಚ್ಚು. ಇಲ್ಲಿ ನನ್ನ ವಾದಕ್ಕೂ ಮಿತಿಯಿದೆ: ದೂರದ ಸರ್ವರ್ ಆರಿಸಿಕೊಂಡವರ ತಡವನ್ನು ಒಳ್ಳೆಯ ಚಿಪ್ ಕೂಡ ನೀಗಿಸದು.

ಕನೆಕ್ಷನ್ ಕೊಡುವವರೇ ಒಂದು ಪೆಟ್ಟಿಗೆ ಕೊಡುತ್ತಾರಲ್ಲ, ಇನ್ನೊಂದಕ್ಕೆ ಹಣ ಏಕೆ ಎಂಬ ಪ್ರಶ್ನೆ ಹಳ್ಳಿಯ ಮಟ್ಟಿಗೆ ನಿಜವಾದದ್ದು, ಸಾವಿರಾರು ರೂಪಾಯಿಯ ಮಾತು ಅದು. ಬರುವ ಪೆಟ್ಟಿಗೆಯ ಕೆಲಸ ಫೈಬರ್‌ನ ಬೆಳಕನ್ನು ಈಥರ್ನೆಟ್‌ಗೆ ತಿರುಗಿಸುವುದು. ಅದರ ಸಾಫ್ಟ್‌ವೇರ್ ಸಾಮಾನ್ಯವಾಗಿ ಆಪರೇಟರ್ ಹಿಡಿತದಲ್ಲಿರುತ್ತದೆ, ಅಲ್ಲಿ ವೈರ್‌ಗಾರ್ಡ್ ಹಾಕಲು ಅವಕಾಶ ಅಪರೂಪ. ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಪಿಪಿಪಿಒಇ ಲಾಗಿನ್ ಅನ್ನು ತಮ್ಮ ರೂಟರ್‌ಗೆ ಕೊಟ್ಟುಕೊಳ್ಳುವುದು ನೇರ ದಾರಿ. ಹೊರಗಿನಿಂದ ಮನೆಯ ಜಾಲಕ್ಕೆ ಬರಬೇಕೆನ್ನುವವರು ಇನ್ನೊಂದು ವಿಚಾರ ಮೊದಲೇ ಕೇಳಿಕೊಳ್ಳಬೇಕು. ಐಪಿವಿ4 ವಿಳಾಸಗಳ ಕೊರತೆಯಿಂದ ಅನೇಕ ಆಪರೇಟರ್‌ಗಳು ಒಂದು ವಿಳಾಸವನ್ನು ನೂರಾರು ಮನೆಗಳಿಗೆ ಹಂಚುತ್ತಾರೆ. ಆಗ ಹೊರಗಿನಿಂದ ನಿಮ್ಮ ಬಾಗಿಲನ್ನು ಗುರುತಿಸುವುದೇ ಆಗದು. ಐಪಿವಿ6 ಇರಬೇಕು ಅಥವಾ ಸ್ಥಿರ ವಿಳಾಸವನ್ನು ಕೊಳ್ಳಬೇಕು. ಆಯ್ದ ಪೆಟ್ಟಿಗೆ 12 ವೋಲ್ಟ್ ಅಡಾಪ್ಟರ್‌ನಲ್ಲಿ ಓಡುವಂಥದ್ದಾದರೆ ಕರೆಂಟು ಹೋದಾಗ ಪುಟ್ಟ ಯುಪಿಎಸ್‌ನಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ, ಅದರ ಜೊತೆ ಫೈಬರ್ ಪೆಟ್ಟಿಗೆಗೂ ಅದೇ ಯುಪಿಎಸ್ ಕೊಡಬೇಕು. ಇಂಟೆಲ್ ಚಿಪ್‌ನ ಪುಟ್ಟ ಕಂಪ್ಯೂಟರನ್ನೇ ರೂಟರ್ ಮಾಡಿಕೊಳ್ಳುವುದು ವೇಗದ ಮಟ್ಟಿಗೆ ಎಲ್ಲಕ್ಕಿಂತ ಮೇಲು. ಮತ್ತೆ ಮತ್ತೆ ಕರೆಂಟು ಹೋಗುವ ಊರಿನಲ್ಲಿ ಅದರ ವಿದ್ಯುತ್ ಹಸಿವು ಅನನುಕೂಲ.

ಬೆಲೆಗಿಂತ ಮುಖ್ಯವಾಗಿ ನೋಡಬೇಕಾದದ್ದು ಆ ಪೆಟ್ಟಿಗೆಗೆ ಎಷ್ಟು ವರ್ಷ ಹೊಸ ಸಾಫ್ಟ್‌ವೇರ್ ಬರುತ್ತದೆ ಎಂಬುದು. 2018ರ ಮೇ ತಿಂಗಳಲ್ಲಿ ಸಿಸ್ಕೊ ಕಂಪನಿಯ ಸಂಶೋಧಕರು ಬಯಲು ಮಾಡಿದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳನ್ನು ಹಿಡಿದಿತ್ತು. ಅವುಗಳಲ್ಲಿ ಹೆಚ್ಚಿನವು ಮನೆ ಮತ್ತು ಸಣ್ಣ ಕಚೇರಿಗಳ ರೂಟರ್‌ಗಳು. ಚಿಕ್ಕದೇವರಾಜರ ಕಾಲದಲ್ಲಿ ಅಂಚೆಯವನು ಅರಮನೆಗೆ ಮಾಹಿತಿ ಒಪ್ಪಿಸುತ್ತಿದ್ದ. ಇಲ್ಲಿ ಕಾವಲಿಗೆ ಇಟ್ಟ ಪೆಟ್ಟಿಗೆಯೇ ಗುರುತಿಲ್ಲದವರಿಗೆ ಒಪ್ಪಿಸುತ್ತದೆ. ಹಣ ಕೊಟ್ಟು ಕೊಳ್ಳುವ ವಿಪಿಎನ್ ಸೇವೆಯಲ್ಲೂ ಈ ಪ್ರಶ್ನೆ ತಪ್ಪುವುದಿಲ್ಲ. ಆಪರೇಟರ್‌ನ ಕಣ್ಣಿನಿಂದ ಮರೆಯಾದ ಮಾಹಿತಿ ಸೇವೆ ಮಾರುವವನ ಕಣ್ಣಿಗೆ ಬೀಳುತ್ತದೆ, ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ್ದಷ್ಟೇ. ಹಾಗಾಗಿ ಊರಿನ ಮನೆಗೂ ಬೆಂಗಳೂರಿನ ಮನೆಗೂ ನಡುವೆ ಎರಡು ಸ್ವಂತ ರೂಟರ್‌ಗಳು ಹಾಕಿಕೊಂಡ ವೈರ್‌ಗಾರ್ಡ್ ದಾರಿಯನ್ನು ನಾನು ತಿಂಗಳ ಚಂದಾದ ಸೇವೆಗಿಂತ ಮೇಲಿನದೆಂದು ಎಣಿಸುತ್ತೇನೆ. ಓಪನ್‌ಡಬ್ಲ್ಯುಆರ್‌ಟಿ ಬೆಂಬಲ ಪಡೆದ ಮಾದರಿಯನ್ನು ಕೊಂಡರೆ ತಯಾರಕರು ಕೈಬಿಟ್ಟ ಮೇಲೂ ಅದಕ್ಕೆ ಹೊಸ ಸಾಫ್ಟ್‌ವೇರ್ ಬರುತ್ತಿರುತ್ತದೆ. ಹೀಗೆ ಹೊಸ ಸಾಫ್ಟ್‌ವೇರ್ ಬರುವುದರ ಮಹತ್ವ ಈಗ ಹೆಚ್ಚಿದೆ: ಓಪನ್‌ವಿಪಿಎನ್‌ನ ಭಾರವಾದ ಭಾಗವನ್ನು ಕರ್ನಲ್‌ನೊಳಗೆ ಓಡಿಸುವ ಘಟಕ 2025ರಲ್ಲಿ ಲಿನಕ್ಸ್ 6.16ರೊಂದಿಗೆ ಸೇರಿತು. ಆ ಕರ್ನಲ್ ತಲುಪುವ ಪೆಟ್ಟಿಗೆಗಳಲ್ಲಿ, ಚಿಪ್ ಬದಲಿಸದೆಯೇ, ಹಳೆಯ ಓಪನ್‌ವಿಪಿಎನ್ ಸರ್ವರ್ ಬಿಡಲಾಗದ ಕಚೇರಿಗಳಿಗೆ ಸೇರುವವರ ವೇಗವೂ ಏರುತ್ತದೆ. ಸಾಫ್ಟ್‌ವೇರ್ ನಿಂತುಹೋದ ಪೆಟ್ಟಿಗೆಯವರು ಅದೇ 20 ಎಂಬಿಪಿಎಸ್‌ನಲ್ಲಿ ಉಳಿಯುತ್ತಾರೆ.